ನಲವತ್ತರಲ್ಲಿ ಒಂದು ಬೋನು ಕಮ್ಮಿ

ಬೆಳಗಿನ ಐದೂವರೆ. ರಾಜೇಶ್ವರ ದಾಟಿ ಹುಮನಾಬಾದ್ ರಸ್ತೆಗೆ ಹತ್ತಿಕೊಂಡ ಶುಂಠಿ ತೋಟದಲ್ಲಿ ಹನ್ನೊಂದು ಪುಟಾಣಿ ಬಲ್ಬು ಉರಿಯುತ್ತಿವೆ. ಕೆಂಪು, ಹಸಿರು, ಹಳದಿ. ಗಣಪತಿ ಪೆಂಡಾಲಿನ ಸೀರಿಯಲ್ ಲೈಟನ್ನು ಯಾರೋ ಬಿಡಿಸಿ ಹೊಲದ ತುಂಬ ಚೆಲ್ಲಿದ ಹಾಗೆ ಕಾಣುತ್ತದೆ. ಘಾಟಬೋರಾಳದ ಲಾಲಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಅವನ್ನೇ ನೋಡುತ್ತಾನೆ. ಉರಿಯುತ್ತಿರುವ ಒಂದೊಂದು ಬಲ್ಬಿನ ಬುಡದಲ್ಲೂ ಒಂದೊಂದು ಹೆಗ್ಗಣ ಸತ್ತಿದೆ. ಖುಷಿಪಡಬೇಕು. ಆದರೆ ಅವನ ಕಣ್ಣು ಇರುವುದು ಉರಿಯದ ಬಲ್ಬುಗಳ ಮೇಲೆ.

"ಹತ್ತಿದ್ದು ಕೆಲಸ ಮುಗಸ್ಯಾದ. ಹತ್ತಲಾರದ್ದು ಇನ್ನಾ ಬಾಯಿ ತಕ್ಕೊಂಡು ಕುಂತದ. ಅಂಜಿಕಿ ಅದರದೇ ಅದ," ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮೊಣಕಾಲಿಗೆ ಕೈ ಊರಿ ಏಳುತ್ತಾನೆ. ಏಳುವುದಕ್ಕೂ ಈಗ ಎರಡು ಸಲ ಉಸಿರು ತೆಗೆದುಕೊಳ್ಳಬೇಕು. ವಯಸ್ಸು ಅರವತ್ತೊಂದು. ಅದರಲ್ಲಿ ಮೂವತ್ತು ವರ್ಷ ಹೆಗ್ಗಣದ ಬಿಲಗಳ ಮುಂದೆ ಬಗ್ಗಿಯೇ ಹೋಗಿದೆ.

ಲಾಲಪ್ಪನ ಬೋನು ಅಂಗಡಿಯಲ್ಲಿ ಸಿಗುವುದಿಲ್ಲ. ಗುಜರಿಯಿಂದ ತಂದ ಕಬ್ಬಿಣದ ಪಟ್ಟಿ, ಗಾಡಿಯ ಸ್ಟ್ಯಾಂಡಿನ ಸ್ಪ್ರಿಂಗು, ಎದುರುಬದುರು ಎರಡು ಹಲ್ಲಿನ ಸಾಲು. ಬಿಲದ ಬಾಯಲ್ಲಿ ಅದನ್ನು ತೆರೆದಿಟ್ಟು ಮೇಲೆ ತೆಳ್ಳಗೆ ಮಣ್ಣು ಉದುರಿಸುತ್ತಾನೆ. ಹೆಗ್ಗಣ ತುಳಿದರೆ ಖಟ್. ಇಷ್ಟನ್ನು ಬೇರೆಯವರೂ ಮಾಡಿಯಾರು. ಅವನ ತಲೆ ಓಡಿರುವುದು ಮುಂದಿನದರಲ್ಲಿ. ಬೋನಿನಿಂದ ಮೂರು ಮಾರು ದೂರಕ್ಕೆ ಒಂದು ಕೋಲು ನೆಡುತ್ತಾನೆ. ಕೋಲಿಗೆ ಕೆಂಪು ಅರಿವೆ, ಒಂದು ಬಲ್ಬು, ಎರಡು ಹಳೆಯ ಸೆಲ್ಲು. ಬೋನಿನಿಂದ ಕೋಲಿನವರೆಗೆ ತೆಳು ತಂತಿ. ಹಲ್ಲು ಮುಚ್ಚಿದೊಡನೆ ತಂತಿ ಕೂಡಿಕೊಂಡು ಬಲ್ಬು ಹತ್ತುತ್ತದೆ. ತಂತಿಯ ಜೊತೆಗೇ ಒಂದು ನೈಲಾನ್ ದಾರ. ಬೆಳಗ್ಗೆ ಯಾವ ಬಲ್ಬು ಹತ್ತಿಲ್ಲವೋ ಅದರ ದಾರವನ್ನು ಕೋಲಿನ ಹತ್ತಿರವೇ ನಿಂತು ಜಗ್ಗುತ್ತಾನೆ. ದೂರದಲ್ಲಿ ಬೋನು ಬಾಯಿ ಮುಚ್ಚುತ್ತದೆ. ತೆರೆದ ಬೋನಿನ ಹತ್ತಿರ ಕೈಯನ್ನೂ ಒಯ್ಯುವುದಿಲ್ಲ, ಕಾಲನ್ನೂ ಇಡುವುದಿಲ್ಲ.

ಲೆಕ್ಕಕ್ಕೆ ತೊಗರಿ ಕಾಳು. ಸಂಜೆ ನಲವತ್ತು ಬೋನು ಇಟ್ಟರೆ ಅಂಗಿಯ ಎಡ ಜೇಬಿಗೆ ನಲವತ್ತು ಕಾಳು. ಬೆಳಗ್ಗೆ ಒಂದು ಬೋನು ಎತ್ತಿ ಚೀಲಕ್ಕೆ ಹಾಕಿದರೆ ಒಂದು ಕಾಳು ಬಲ ಜೇಬಿಗೆ. ಎಡ ಜೇಬು ಖಾಲಿಯಾಗುವ ತನಕ ಆ ಹೊಲಕ್ಕೆ ಯಾರೂ ಇಳಿಯುವಂತಿಲ್ಲ, ಮಾಲೀಕನೂ ಇಳಿಯುವಂತಿಲ್ಲ. ಲಾಲಪ್ಪನನ್ನು ಕರೆಸುವವರು ಈ ಕರಾರಿಗೆ ಒಪ್ಪಿಯೇ ಕರೆಸಬೇಕು. ಒಪ್ಪದವರು ವಿಷ ಇಡುತ್ತಾರೆ, ಇಲ್ಲವೆ ಮನೆಯ ಕರೆಂಟನ್ನೇ ಬರಿಯ ತಂತಿಗೆ ಕೊಟ್ಟು ಹೊಲದಲ್ಲಿ ಬಿಡುತ್ತಾರೆ. ಈ ತೋಟದ ಮಾಲೀಕ ಸಂಜೀವಕುಮಾರನೂ ಮೊದಲು ಹೇಳಿದ್ದು ಅದನ್ನೇ. "ಕರೆಂಟಿಗಿ ಹೆಗ್ಗಣ ಯಾವ್ದು, ಮನಷ್ಯಾ ಯಾವ್ದು ತಿಳ್ಯಾಂಗಿಲ್ಲರಿ. ಆ ಕೆಲಸಕ್ಕ ನಾ ಬರಾಂಗಿಲ್ಲ," ಎಂದು ಲಾಲಪ್ಪ ಚೀಲ ಹೆಗಲಿಗೆ ಹಾಕಿದ್ದ. ಶುಂಠಿಯ ಬುಡ ಬುಡವನ್ನೇ ಹೆಗ್ಗಣ ತಿಂದು ಹೋಗುತ್ತಿತ್ತು, ಆದ್ದರಿಂದ ಮಾಲೀಕ ಒಪ್ಪಿದ.

ಇವತ್ತು ಆರೂಮುಕ್ಕಾಲಿಗೆ ಚೀಲದಲ್ಲಿ ಮೂವತ್ತೊಂಬತ್ತು ಬೋನು. ಎಡ ಜೇಬಿನಲ್ಲಿ ಒಂದು ಕಾಳು.

ಲಾಲಪ್ಪ ಜೇಬು ಹೊರಗೆಳೆದು ನೋಡುತ್ತಾನೆ. ಚೀಲ ಸುರಿದು ಮತ್ತೆ ಎಣಿಸುತ್ತಾನೆ. ಮೂವತ್ತೊಂಬತ್ತೇ. ತೋಟದ ಸುತ್ತ ಕಣ್ಣು ಹಾಯಿಸಿದರೆ ಎಲ್ಲಿಯೂ ಕೆಂಪು ಅರಿವೆ ಇಲ್ಲ. ಮೊಣಕಾಲುದ್ದ ಬೆಳೆದ ಶುಂಠಿ, ಮೂರು ಎಕರೆ. ಅದರೊಳಗೆಲ್ಲೋ ಒಂದು ಬೋನು ಗುರುತಿಲ್ಲದೆ ಬಾಯಿ ತೆರೆದುಕೊಂಡಿದೆ.

ಅಷ್ಟರಲ್ಲಿ ರಸ್ತೆಯಲ್ಲಿ ಟಂಟಂ ಆಟೋ ನಿಂತ ಸದ್ದು. ಕಳೆ ತೆಗೆಯುವ ಹನ್ನೆರಡು ಹೆಂಗಸರು ಇಳಿಯುತ್ತಾರೆ. ಮುಂದೆ ದ್ರೌಪತಿ, ಲಾಲಪ್ಪನ ಹೆಂಡತಿ, ಈ ಗುಂಪಿನ ಮುಖಂಡಳು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾಳೆ. ಬದುವಿಗೆ ಬಂದವಳೇ ಗಂಡನ ಮುಖ ನೋಡಿ ಎರಡೂ ಕೈ ಅಡ್ಡ ಚಾಚುತ್ತಾಳೆ.

"ನಿಂದರ್ರೇ. ಯಾರೂ ಇಳೀಬ್ಯಾಡ್ರಿ."

"ಯಾಕ ಲಾಲಪ್ಪ ಮಾಮಾ, ನಿಮ್ಮ ಹೆಗ್ಗಣ ಇನ್ನಾ ಮಾರಿ ತೊಳ್ಕೊಂಡಿಲ್ಲೇನು?" ಎಂದು ರೂಪಾಲಿ ನಗುತ್ತಾಳೆ. ಗುಂಪಿನಲ್ಲಿ ಸಣ್ಣವಳು ಅವಳೇ, ಹೊಸದಾಗಿ ಸೇರಿದವಳು.

"ಬಾಯಿ ಮುಚ್ಚ. ಅವರ ಮಾರಿ ನೋಡು ಮೊದಲ," ಎಂದು ಕಮಳಾಬಾಯಿ ಅವಳ ಸೆರಗು ಜಗ್ಗುತ್ತಾಳೆ. ಹನ್ನೆರಡು ಜನ ಬದುವಿನ ಮೇಲೆ ಸಾಲಾಗಿ ಕೂರುತ್ತಾರೆ. ಯಾರ ಕಾಲಲ್ಲೂ ಚಪ್ಪಲಿ ಇಲ್ಲ. ಹಸಿ ಮಣ್ಣಿನಲ್ಲಿ ಚಪ್ಪಲಿ ಹಾಕಿಕೊಂಡು ಕಳೆ ತೆಗೆಯಲು ಬರುವುದಿಲ್ಲ.

ಸಂಜೀವಕುಮಾರ ತೋಟದ ಮನೆಯಿಂದ ಚಹಾದ ಕಪ್ಪು ಹಿಡಿದೇ ಬರುತ್ತಾನೆ. ಅವನಿಗೆ ಮೂವತ್ತನಾಲ್ಕು. ಲಾಲಪ್ಪನಿಗೆ ಅವನು 'ನೀನು' ಎನ್ನುತ್ತಾನೆ, ಲಾಲಪ್ಪ ಅವನಿಗೆ 'ನೀವು' ಎನ್ನುತ್ತಾನೆ. ಇದರಲ್ಲಿ ವಿಚಿತ್ರವೇನೂ ಇಲ್ಲ ಎನ್ನುವಷ್ಟು ಇಬ್ಬರಿಗೂ ಅಭ್ಯಾಸವಾಗಿದೆ. ಅದೇ ವಿಚಿತ್ರ.

"ಏನ್ ಲಾಲಪ್ಪಾ, ಹೆಣ್ಮಕ್ಕಳಿಗಿ ಪಂಕ್ತಿ ಹಾಕಿ ಕುಂದರಿಸೀದಿ? ಊಟಕ್ಕ ಬಡಸ್ತೀ ಏನು?"

"ಒಂದು ಬೋನು ಸಿಗವಲ್ದರಿ ಸಾವ್ಕಾರ್ರೆ."

"ಒಂದೇ ಏನು? ಮೂರು ಎಕರೇದಾಗ ಒಂದು. ಕಡೀಕಿನ ಮಡಿಯಿಂದ ಹಚ್ಚು ಅವರಿಗಿ. ಮಳಿ ಮೋಡ ಹ್ಯಾಂಗ ಕಟ್ಟ್ಯಾದ ನೋಡು."

"ಇಲ್ರಿ."

"ಇಲ್ಲಂದ್ರ?"

"ಸಿಗೋತನ ಯಾರೂ ಇಳ್ಯಾಂಗಿಲ್ಲರಿ."

"ಹೊಲ ನಂದೋ ನಿಂದೋ?"

"ಹೊಲ ನಿಮ್ದರಿ. ಬೋನ್ ನಂದು."

ಸಂಜೀವಕುಮಾರನ ಕಪ್ಪು ಗಾಳಿಯಲ್ಲೇ ನಿಲ್ಲುತ್ತದೆ. "ನಾಳಿಂದ ಬರಬ್ಯಾಡ ಹಂಗಾರ. ನಿನ್ನ ನಂಬಿ ಕುಂತ್ರ ಶುಂಠಿ ಇಲ್ಲೇ ಕೊಳೀತದ. ಈ ಕಡೀಗಿ ಯಾರೂ ಕರೀದಂಗ ಮಾಡ್ತೀನಿ ನೋಡು."

ಅದು ಬರಿಯ ಬೆದರಿಕೆಯಲ್ಲ. ರಾಜೇಶ್ವರದಲ್ಲಿ ತೋಟದವರು ತೋಟದವರಿಗೆ ಹೇಳುವ ಮಾತಿನ ಮೇಲೆಯೇ ಲಾಲಪ್ಪನ ವರ್ಷ ನಡೆಯಬೇಕು. ಮುಖಂಡಳ ಗಂಡ ಬೇಡವಾದರೆ ಮುಖಂಡಳೂ ಬೇಡ. ಲಾಲಪ್ಪ ಬಿದಿರಿನ ಗಳ ಎತ್ತಿಕೊಂಡು ಶುಂಠಿ ಸಾಲಿನ ಮೊದಲನೆಯ ಮಡಿಗೆ ಇಳಿಯುತ್ತಾನೆ. ಗಳದಿಂದ ಮುಂದೆ ಕುಟ್ಟುವುದು, ಒಂದು ಹೆಜ್ಜೆ ಇಡುವುದು. ಮತ್ತೆ ಕುಟ್ಟುವುದು, ಮತ್ತೊಂದು ಹೆಜ್ಜೆ.

ದ್ರೌಪತಿಯ ಎಡಗಾಲಿನಲ್ಲಿ ಎರಡು ಬೆರಳಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನಾರಾಯಣಪುರದ ಹತ್ತಿರದ ಒಂದು ತೋಟದಲ್ಲಿ ಹೋದವು. ಆಗ ಕೋಲು ಇರಲಿಲ್ಲ, ದಾರ ಇರಲಿಲ್ಲ, ಕಾಳು ಇರಲಿಲ್ಲ. ಇಟ್ಟ ಜಾಗ ತಲೆಯಲ್ಲಿದೆ ಎಂಬ ಜಂಬ ಮಾತ್ರ ಇತ್ತು. ಬೋನು ಲಾಲಪ್ಪನದೇ. "ಎಲ್ಲಾ ಎತ್ತೀನಿ, ಇಳಿ," ಎಂದು ಹೇಳಿದ್ದೂ ಅವನೇ. ಅದನ್ನು ಅವನು ಯಾರ ಮುಂದೆಯೂ ಹೇಳುವುದಿಲ್ಲ. ಕೇಳಿದರೆ ದ್ರೌಪತಿಯೇ ಹೇಳುತ್ತಾಳೆ, ಅದೂ ಚೇಷ್ಟೆ ಮಾಡಿ: "ಹತ್ತರಾಗ ಎಂಟು ಉಳಿಸ್ಯಾನ. ಪಾಸ್ ಆಗ್ಯಾನ ಬಿಡ್ರಿ."

ಎಂಟೂಕಾಲು. ಒಂಬತ್ತು ಮಡಿ ಮುಗಿದಿವೆ. ಅಂಗಿ ಬೆನ್ನಿಗೆ ಅಂಟಿದೆ. ಸಂಜೀವಕುಮಾರ ಫೋನಿನಲ್ಲಿ ಬೇರೆ ಹೆಂಗಸರ ಗುಂಪು ಹುಡುಕುತ್ತಿದ್ದಾನೆ. ಆಗ ಮನೆಯಿಂದ ಅವನ ತಾಯಿ ಲಲಿತಾಬಾಯಿ ಬರುತ್ತಾಳೆ. ಸ್ನಾನ, ಲಿಂಗಪೂಜೆ ಎರಡೂ ಮುಗಿದು ಹಣೆಯ ತುಂಬ ವಿಭೂತಿ. ಮಗಳ ಊರಿಗೆ ಹೋಗಿದ್ದವಳು ನಿನ್ನೆ ಕತ್ತಲಾದ ಮೇಲೆ ಬಂದಿದ್ದಾಳೆ. ತೋಟದಲ್ಲಿ ಬೋನು ಇಟ್ಟಿರುವುದನ್ನು ಅವಳಿಗೆ ಹೇಳಬೇಕೆಂದು ಯಾರಿಗೂ ಹೊಳೆದಿಲ್ಲ.

"ಸಂಜು, ಒಂದ್ ಮಾತು ಅದ. ಸ್ನಾನ ಆಗೋತನ ಬಾಯಿ ಬಿಡಬಾರ್ದಂತ ಸುಮ್ ಇದ್ದೆ," ಎಂದು ದನಿ ತಗ್ಗಿಸುತ್ತಾಳೆ. "ನಮ್ಮ ಹೊಲದಾಗ ಯಾರೋ ಭಾನಾಮತಿ ಮಾಡ್ಸ್ಯಾರ. ನಸಿಕಿನ್ಯಾಗ ಯಾರೂ ಏಳೋಕಿಂತ ಮೊದಲ ಪೂಜಾದ ಹೂ ಹರೀಲಾಕ ಹೋಗಿದ್ದೆ. ಕೋಲಿಗಿ ಕೆಂಪ್ ಅರಿವಿ, ದಾರ, ತಂತಿ, ಒಂದು ಗಾಜಿನ ಮಣಿ."

"ಆಮ್ಯಾಲ ಏನ್ ಮಾಡ್ದಿ ಎವ್ವಾ?"

"ಮಾಟದ ದಾರ ಜಗ್ಗಬಾರ್ದು, ಕಬ್ಬಿಣಲೇ ಕೊಯ್ಯಬೇಕು. ಕುಡಗೋಲಲೇ ಕೊಯ್ದು, ಕೋಲು ಕಿತ್ತು ಬಾವ್ಯಾಗ ಒಗದೆ. ಹೊಳ್ಳಿ ನೋಡಬಾರ್ದು, ನೋಡ್ಲಿಲ್ಲ."

ಬದುವಿನ ಮೇಲೆ ಕೂತ ಹನ್ನೆರಡು ಜನರಲ್ಲಿ ಒಬ್ಬಳೂ ನಗುವುದಿಲ್ಲ. ಆ ದಾರವನ್ನು ಅವಳು ಜಗ್ಗಿದ್ದರೆ ಬೋನು ಅಲ್ಲಿಯೇ ಬಾಯಿ ಮುಚ್ಚುತ್ತಿತ್ತು. ಶಾಸ್ತ್ರಕ್ಕೆ ತಪ್ಪದೆ ಕೊಯ್ದಿದ್ದಾಳೆ. ಕೆಂಪು ಅರಿವೆ ಕಂಡರೆ ಅದು ಮಾಟವೇ, ಕಟ್ಟಿದವನು ಲಾಲಪ್ಪನಂಥ ಹೊಲಗೇರಿಯವನೇ ಇರಬೇಕೆಂದು ಇಲ್ಲಿ ಓದಿದವರೂ ತಿಳಿಯುತ್ತಾರೆ. ಅದರ ಹಿಂದೆ ಇಪ್ಪತ್ತೆರಡು ವರ್ಷದ ಎಚ್ಚರ ಇರಬಹುದೆಂದು ಯಾರಿಗೆ ತಿಳಿಯಬೇಕು?

ಲಾಲಪ್ಪ ಸಿಟ್ಟಾಗುವುದಿಲ್ಲ. ಸಿಟ್ಟಿಗೆ ಬೇಕಾದ ಕಸುವು ಉಳಿದಿಲ್ಲ. "ಅವ್ವಾರೆ, ಅದು ನನ್ನ ಬೋನಿನ ಗುರ್ತರಿ. ಯಾ ಜಾಗದಾಗ ಇತ್ತರಿ?"

"ಚೆಂಡುಹೂವಿನ ಸಾಲಿನಾಗಪ್ಪಾ. ಕತ್ತಲಿ ಇತ್ತು, ಸಾಲು ಉದ್ದದ." ಲಲಿತಾಬಾಯಿ ಗಾಬರಿಯಿಂದ ಮಗನ ತೋಳು ಹಿಡಿಯುತ್ತಾಳೆ. "ಕೋಲು ಕಿತ್ತ ಕುಣಿಗಿ ಲಿಂಬಿಹಣ್ಣು ಕೊಯ್ದು ಇಟ್ಟೀನಿ, ನೋಡು."

ಚೆಂಡುಹೂವಿನ ಸಾಲು ತೋಟದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಇದೆ. ಲಾಲಪ್ಪ ಗಳ ಕುಟ್ಟುತ್ತ ಹೋಗುತ್ತಾನೆ, ಹಿಂದೆ ಅವನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ಸಂಜೀವಕುಮಾರ. ಅರ್ಧ ದಾರಿಯಲ್ಲಿ ಎರಡು ಹೋಳು ಲಿಂಬೆಹಣ್ಣು, ಕುಂಕುಮ ಹಚ್ಚಿದ್ದು. ಪಕ್ಕದಲ್ಲಿ ಕೊಯ್ದ ದಾರದ ತುದಿ, ಹಿಡಿದು ಜಗ್ಗುವಷ್ಟೂ ಉಳಿದಿಲ್ಲ, ಉಳಿದದ್ದು ಮಣ್ಣಿನೊಳಗೆ. ಅಲ್ಲಿಂದ ಅವನು ಗಳ ಮುಂದೆ ಚಾಚಿ ಮೆಲ್ಲಗೆ ಕುಟ್ಟುತ್ತಾನೆ. ಒಂದು ಮಾರು. ಎರಡು ಮಾರು.

ಖಟ್!

ಬಿದಿರಿನ ತುದಿ ಉದ್ದಕ್ಕೆ ಸೀಳುತ್ತದೆ. ಬದುವಿನ ಮೇಲಿದ್ದ ರೂಪಾಲಿ ಎರಡೂ ಪಾದಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ.

ಬೋನಿನ ಆಚೆ ಹಸಿ ಮಣ್ಣಿನಲ್ಲಿ ಬರಿಗಾಲಿನ ಗುರುತುಗಳಿವೆ, ಹೂವಿನ ಗಿಡದಿಂದ ಹೂವಿನ ಗಿಡಕ್ಕೆ. ಅವುಗಳಲ್ಲಿ ಒಂದು ಬೋನಿಗೆ ನಾಲ್ಕು ಬೆರಳಿನಷ್ಟು ದೂರ. ಸಣ್ಣ ಪಾದ, ಮುದುಕಿಯ ಪಾದ. ಸಂಜೀವಕುಮಾರ ಅದನ್ನು ನೋಡುತ್ತಾನೆ. ಲಲಿತಾಬಾಯಿ ಬದುವಿನಿಂದಲೇ "ಸಿಕ್ತೇನಪ್ಪಾ?" ಎಂದು ಕೂಗುತ್ತ ಈ ಕಡೆ ಹೊರಟಿದ್ದಾಳೆ. ಲಾಲಪ್ಪ ಬಗ್ಗಿ, ಅವಳು ಬರುವುದರೊಳಗೆ, ಆ ಹೆಜ್ಜೆಯ ಗುರುತನ್ನು ಅಂಗೈಯಿಂದ ಸವರಿ ಮಣ್ಣು ಸಮ ಮಾಡುತ್ತಾನೆ.

"ಸಿಕ್ತರಿ ಅವ್ವಾರೆ. ದೂರ ಇತ್ತು."

ಒಂಬತ್ತಕ್ಕೆ ಹೆಂಗಸರು ಶುಂಠಿಗೆ ಇಳಿಯುತ್ತಾರೆ. ತಡವಾದ ಎರಡು ತಾಸನ್ನು ಯಾರ ಲೆಕ್ಕಕ್ಕೆ ಹಿಡಿಯಬೇಕೆಂದು ಸಂಜೀವಕುಮಾರ ಇವತ್ತು ಕೇಳುವುದಿಲ್ಲ. ಇನ್ನೊಂದು ಕಪ್ಪು ಚಹಾ ತರಿಸಿ ಲಾಲಪ್ಪನ ಕೈಗೆ ತಾನೇ ಕೊಡುತ್ತಾನೆ.

"ಅಳಸಿದ್ಯಾಕ, ಲಾಲಪ್ಪಾ? ನಮ್ಮವ್ವ ನೋಡ್ಲಿ ಬಿಡಬೇಕಿತ್ತು. ಬುದ್ಧಿ ಬರ್ತಿತ್ತು."

"ಬುದ್ಧಿ ಬರ್ತಿರ್ಲಿಲ್ಲರಿ. ನಿದ್ದಿ ಹೋಗ್ತಿತ್ತು." ಲಾಲಪ್ಪ ಚಹಾ ಊದಿ ಕುಡಿಯುತ್ತಾನೆ. "ನಂದು ಹೋಗಿ ಇಪ್ಪತ್ತೆರಡು ವರ್ಷ ಆತು."

ಸಂಜೀವಕುಮಾರ "ನಾಳಿಗಿ ಬರ್ರಿ," ಎನ್ನುತ್ತಾನೆ. 'ಬಾ' ಎನ್ನುವುದಿಲ್ಲ. ನಾಳೆ ಏನೆನ್ನುತ್ತಾನೋ ಗೊತ್ತಿಲ್ಲ.

ಹನ್ನೊಂದು ಹೆಗ್ಗಣಗಳನ್ನು ಬೇಲಿಯ ಮೂಲೆಯಲ್ಲಿ ಹೂತು, ಕೈ ತೊಳೆದು, ಲಾಲಪ್ಪ ಬೇವಿನ ಗಿಡಕ್ಕೆ ಒರಗುತ್ತಾನೆ. ಸಂಜೆ ಮತ್ತೆ ನಲವತ್ತು ಬಿಲ, ನಲವತ್ತು ಕೋಲು. ಇಷ್ಟು ವರ್ಷ ಊರೂರು ತಿರುಗಿದ ನಿನಗೆ ಏನು ಬೇಕು ಎಂದು ಯಾರಾದರೂ ಕೇಳಿದರೆ ಬಹಳ ಹೊತ್ತು ಯೋಚಿಸುತ್ತಾನೆ. ಶಾಲು, ಹಾರ, ಸನ್ಮಾನ ಯಾವುದೂ ಅವನ ತಲೆಗೆ ಬರುವುದಿಲ್ಲ. ಶಾಲು ಹಿಡಿದು ಓಡಾಡುವವರ ತಲೆಗೂ ಇವನು ಬಂದಿಲ್ಲ.

"ಏನ್ ಬೇಡ್ಲಿರಿ," ಎನ್ನುತ್ತಾನೆ ಕೊನೆಗೆ, ಕಣ್ಣು ಮುಚ್ಚಿಕೊಂಡೇ. "ಮುಂಜಾನಿ ನಾಕಕ್ಕ ಯಾರರ ಬಂದು, 'ಲಾಲಪ್ಪಾ, ಇವತ್ತ ನಾ ನೋಡ್ಕೋತೀನಿ, ನೀ ಮಲ್ಕೋ' ಅನ್ನಬೇಕ್ರಿ. ಒಂದೇ ಒಂದು ಮುಂಜಾನಿ ಸಾಕು."