ಶೂಲಗಿರಿ ದಾಟಿದ ಮೇಲೆ ಒಂದು ಲೋಟ ಶರಬತ್ತು

ಹನ್ನೊಂದಕ್ಕೆ ಕೃಷ್ಣಗಿರಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ತಂಗಿಯ ಮಗನ ಮದುವೆಗೆ ನಾನು ಸಾಕ್ಷಿ ಸಹಿ ಹಾಕಬೇಕು. ಹೊಸೂರಿಂದ ಹೊರಟ ಬಸ್ಸು ಶೂಲಗಿರಿ ದಾಟಿದ್ದೇ ನಿಂತುಬಿಟ್ಟಿತು. ಪಂಜಾಬಿ ಢಾಬಾದ ಮುಂದೆ ಪೇಟ ಸುತ್ತಿದ ನಾಲ್ಕು ಜನ ಲಾರಿ ಡ್ರೈವರುಗಳು ಬಂದ ಗಾಡಿಗಳನ್ನೆಲ್ಲ ಕೈಯಡ್ಡ ಹಾಕಿ ನಿಲ್ಲಿಸಿ, ಗುಲಾಬಿ ಬಣ್ಣದ ಹಾಲಿನ ಶರಬತ್ತು ಹಂಚುತ್ತಿದ್ದರು. ನಮ್ಮ ಡ್ರೈವರ್ ಇಳಿದು ಹೋಗಿ ನಿಧಾನವಾಗಿ ಎರಡು ಲೋಟ ಕುಡಿದ. ಆಗಲೇ ಹತ್ತೂಕಾಲು.

ಪಕ್ಕದಲ್ಲಿ ಕೂತಿದ್ದ ಬಾಗಲೂರಿನ ಅಜ್ಜಿ ಕಿಟಕಿಯಾಚೆ ಬಗ್ಗಿ, "ರಾಮನೌಮಿ ಆಗೋಗಿ ಎಷ್ಟ್ ದಿನಾತು, ಈಗ್ಯಾಕಪ್ಪ ಪಾನಕ?" ಎಂದು ಕೇಳಿದಳು.

ಢಾಬಾದ ಸರ್ದಾರ್ಜಿ ಇಲ್ಲೇ ಇದ್ದು ಗಡ್ಡ ನರೆತವರು. ಹರಕುಮುರುಕು ಕನ್ನಡದಲ್ಲಿ ಹೇಳಿದರು: "ಇದು ನಮ್ಮ ಗುರುಪುರಬ್, ಅಮ್ಮ. ನಮ್ಮ ಗುರುಗಳನ್ನ ಕಾದ ಕಬ್ಬಿಣದ ಹೆಂಚಿನ ಮೇಲೆ ಕೂರಿಸಿ ಸಾಯಿಸಿದ ದಿನ. ಇವತ್ತು ಯಾರೂ ಬಾಯಾರಿ ಹೋಗಬಾರದು."

ಅಜ್ಜಿ ತಲೆಗೆ ಸೆರಗು ಹೊದ್ದು ಗಟಗಟನೆ ಕುಡಿದಳು. ನಾನು ಬೇಡವೆಂದು ತಲೆಯಾಡಿಸಿ ವಾಚು ನೋಡಿಕೊಂಡೆ. ಸರ್ದಾರ್ಜಿ ಕದಲಲಿಲ್ಲ. ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನನ್ನ ಕಿಟಕಿಯ ಕೆಳಗೆ ನಿಂತೇ ಇದ್ದರು. ದಾನ ಮಾಡುವವರಿಗೆ ಯಾವ ಆಫೀಸೂ ಇರುವುದಿಲ್ಲ. ನನಗೆ ರೇಗಿಹೋಯಿತು. "ಇನ್ನೂ ಎಷ್ಟು ಹೊತ್ತು ನಿಲ್ಲಿಸ್ತೀರಿ?" ಎಂದು ಕಂಡಕ್ಟರನ ಮೇಲೆ ಕೂಗಾಡಿದೆ.

"ಎಲ್ರುದೂ ಆಯ್ತು ಸಾರ್," ಎಂದ ಅವನು. "ನಿಮ್ದೊಂದೇ ಬಾಕಿ."

ಇಡೀ ಬಸ್ಸು ತಿರುಗಿ ನನ್ನನ್ನೇ ನೋಡಿತು.

"ಕುಡುದ್ಬುಡಪ್ಪ," ಎಂದಳು ಅಜ್ಜಿ. "ನಿನ್ನಿಂದ ಎಲ್ರಿಗೂ ವೊತ್ತಾಗ್ತೈತೆ."