ಆಂಟಿಯ ಮೊದಲ ತುತ್ತು

ಕ್ಯಾನರಿ ವಾರ್ಫಿನ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ, ಕ್ರಿಸ್‌ಮಸ್ ಮುಗಿದ ವಾರ ಉಳಿದ ಟರ್ಕಿ ಕೋಳಿಯನ್ನು ಖಾಲಿ ಮಾಡುವ ಉಪಾಯವೊಂದಿದೆ. ಸುಟ್ಟ ಬ್ರೆಡ್ಡಿನ ಒಂದೇ ಹೋಳಿನ ಮೇಲೆ ಮಾಂಸದ ಚೂರುಗಳನ್ನು ಹರಡಿ, ಬಿಸಿ ಗ್ರೇವಿ ಸುರಿದು ಕೊಡುತ್ತಾರೆ. ಮೊನ್ನೆ ಅದರ ಹಬೆ ಮುಖಕ್ಕೆ ಬಡಿದದ್ದೇ ನನ್ನ ಹಸಿವು ಸತ್ತುಹೋಯಿತು. ಟ್ರೇ ಅಲ್ಲೇ ಬಿಟ್ಟು ಹೊರಗೆ ಬಂದೆ... ಹ್ಯಾರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾಗಿದ್ದರು.

ನಮ್ಮದೂ ಅವರದೂ ಒಂದೇ ಗೋಡೆ ಹಂಚಿಕೊಂಡ ಮನೆಗಳು. ಆಂಟಿ ಮೈಸೂರಿನವರು. ಗಂಡ ಇಲ್ಲಿನ ಆಸ್ಪತ್ರೆಗಳಲ್ಲೇ ತಲೆಗೂದಲು ನರೆಸಿಕೊಂಡು ನಿವೃತ್ತರಾದ ಡಾಕ್ಟರ್. ಕ್ರಿಸ್‌ಮಸ್‌ಗೆ ಮಗ ಸಂಸಾರ ಸಮೇತ ಬರುವಾಗ, ಮಕ್ಕಳ ಹಟಕ್ಕೆ ಓವನ್‌ನಲ್ಲಿ ಹಿಡಿಯದಂಥ ಟರ್ಕಿ ತರುತ್ತಿದ್ದ. ಅವರು ಕಾರು ಹತ್ತಿದ ಮೇಲೆ ಅರ್ಧ ಹಕ್ಕಿ ಫ್ರಿಜ್ಜಿನಲ್ಲಿ ಉಳಿಯುತ್ತಿತ್ತು. ಎಸೆಯುವುದು ಆಂಟಿಯ ಜಾಯಮಾನದಲ್ಲೇ ಇರಲಿಲ್ಲ. ಮೂಳೆ ಬೇಯಿಸಿದ ನೀರಿಗೆ ಕರಿಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಗ್ರೇವಿ ಮಾಡಿ, ಮಾಂಸವನ್ನು ಅದರಲ್ಲಿ ಹೊರಳಿಸಿ, ಎರಡು ಬ್ರೆಡ್ಡಿನ ನಡುವೆ ಒತ್ತಿ ನನಗೂ ಒಂದು ಕೊಡುತ್ತಿದ್ದರು. ಕ್ಯಾಂಟೀನಿನವರು ಅವರ ಮನೆ ಪಾತ್ರೆ ತೊಳೆಯಲೂ ಲಾಯಕ್ಕಿಲ್ಲ.

ಒಂದು ವರ್ಷ ಮೇಲಿನ ಬ್ರೆಡ್ಡು ಮಾಯವಾಯಿತು. ಇದೇನು ಹೊಸ ಫ್ಯಾಷನ್ನು ಎಂದು ರೇಗಿಸಿದೆ. ಆಂಟಿ ನಗಲಿಲ್ಲ. ಮುಚ್ಚಿ ಕೊಟ್ಟರೆ ಡಾಕ್ಟರ್ ತಿನ್ನುವುದಿಲ್ಲ, ಒಳಗೆ ನಾನು ವಿಷ ಬೆರೆಸಿದ್ದೇನೆ ಎನ್ನುತ್ತಾರೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಕಡುಬು, ಹೋಳಿಗೆ, ಮಸಾಲೆ ದೋಸೆ... ಒಳಗೆ ಏನಾದರೂ ತುಂಬಬೇಕಾದದ್ದೆಲ್ಲ ಆ ಮನೆಯಿಂದ ಆಗಲೇ ಒಂದೊಂದಾಗಿ ಹೊರಟುಹೋಗಿತ್ತು.

ಡಾಕ್ಟರ್ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಆಂಟಿ ಅವರ ಕಣ್ಣೆದುರೇ ಬ್ರೆಡ್ಡು ಸುಟ್ಟು, ಚೂರುಗಳನ್ನು ಒಂದರ ಮೇಲೊಂದು ಬೀಳದಂತೆ ಜೋಡಿಸಿ, ಗ್ರೇವಿಯನ್ನು ಒಂದು ಚಮಚ ಕುಡಿದು ತೋರಿಸಿ, ಆಮೇಲೆ ಸುರಿಯುತ್ತಿದ್ದರು. ಡಾಕ್ಟರ ತಟ್ಟೆಯ ಮೊದಲ ತುತ್ತೂ ಆಂಟಿಯದೇ. ಅದು ಗಂಟಲಿನಲ್ಲಿ ಇಳಿಯುವುದನ್ನು ಡಾಕ್ಟರ್ ನೋಡುತ್ತಿದ್ದರು, ರೋಗಿಗೆ ಔಷಧಿ ಕೊಟ್ಟು ಕಾಯುವ ಹಾಗೆ. ನನಗೆ ಆ ನೋಟ ಕಂಡರೆ ಭಯ. ಎಷ್ಟೋ ಸಂಜೆ ಗೋಡೆಯಾಚೆಯಿಂದ ಅವರ ದನಿ ಕೇಳುತ್ತಿತ್ತು, ಏನು ಹಾಕಿದೆ, ತೋರಿಸು, ಏನು ಹಾಕಿದೆ... ಆಮೇಲೆ ಏನೋ ಬಿದ್ದ ಸದ್ದು. ಆಮೇಲೆ ಸದ್ದೇ ಇಲ್ಲ. ಆಂಟಿ ಓಡಾಡುವುದು ಕೇಳಿಸುವವರೆಗೂ ನಾನು ಗೋಡೆಗೆ ಕಿವಿಯಿಟ್ಟು ನಿಂತಿರುತ್ತಿದ್ದೆ.

ಅವರನ್ನು ಕುಟುಂಬದ ವೈದ್ಯರ ಹತ್ತಿರ ಕರೆದುಕೊಂಡು ಹೋಗೋಣ, ಮಗನಿಗಾದರೂ ಹೇಳಿ ಎಂದು ಬಡಿದುಕೊಂಡೆ.

"ಮಗನಿಗೆ ಹೇಳಿದ್ರೆ ಓಲ್ಡೇಜ್ ಹೋಮ್‌ಗೆ ಸೇರಿಸ್ತಾನೆ. ಅಲ್ಲಿ ಯಾರಮ್ಮ ಇವರಿಗೆ ಮೊದ್ಲು ತಿಂದು ತೋರಿಸ್ತಾರೆ?" ಎಂದರು ಆಂಟಿ. ತಟ್ಟೆ ಒರೆಸಿಡುತ್ತಾ, "ಒಂದ್ಸಲ, ಒಂದೇ ಒಂದ್ಸಲ ನನ್ನ ನಂಬಿ ತಿಂದ್ಬಿಟ್ರೆ ಸಾಕು ನಂಗೆ," ಎಂದರು.

ಮರುವರ್ಷ ಒಂದು ತುತ್ತು ಸಾಲದಾಯಿತು. ನನ್ನೆದುರೇ ಡಾಕ್ಟರ್ ತಟ್ಟೆ ತಿರುಗಿಸಿ, ಈ ಕಡೆಯದನ್ನೂ ತಿನ್ನು ಎಂದರು. ಆಂಟಿ ತಿಂದರು. ಇನ್ನೊಂದು ಮೂಲೆಯದನ್ನೂ ತಿಂದರು. ಉಳಿದದ್ದು ತಣ್ಣಗಾಗಿ ಗ್ರೇವಿ ಕೆನೆಗಟ್ಟಿತು. ಡಾಕ್ಟರ್ ಅದನ್ನು ಮುಟ್ಟಲೇ ಇಲ್ಲ.

ಚಳಿ ಕಳೆಯುವ ಮೊದಲೇ ಆಂಟಿ ಹೋದರು. ಮಲಗಿದ್ದಲ್ಲೇ ಹೃದಯ ನಿಂತಿತ್ತು. ಕಾರ್ಯಗಳೆಲ್ಲ ಮುಗಿದರೂ ಡಾಕ್ಟರ್ ಸರಿಯಾಗಿ ಊಟ ಮುಟ್ಟಿರಲಿಲ್ಲ. ಫ್ರೀಜರಿನಲ್ಲಿ ಆಂಟಿ ಎತ್ತಿಟ್ಟಿದ್ದ ಟರ್ಕಿ ಇನ್ನೂ ಇತ್ತು. ಅದನ್ನು ಬಿಸಿ ಮಾಡಿ, ಆಂಟಿಯಂತೆಯೇ ಜೋಡಿಸಿ, ಗ್ರೇವಿ ಸುರಿದು ಮುಂದಿಟ್ಟೆ. ಒಂದು ತುತ್ತು ತಿಂದೂ ತೋರಿಸಿದೆ. ಮಗ ಪಕ್ಕದಲ್ಲಿ ಕೂತಿದ್ದ.

ಡಾಕ್ಟರ್ ಅವನನ್ನು ನೋಡಿದರು, ನನ್ನನ್ನು ನೋಡಿದರು. "ಮೊದ್ಲು ತಿಂತಿದ್ದಿದ್ದು ಅವಳೇ. ಅವಳಿಗೇ ಆಯ್ತು," ಎಂದರು.

ಮಗ ಮುಖ ಮುಚ್ಚಿಕೊಂಡ. ಡಾಕ್ಟರ್ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ನಿಮ್ಮಲ್ಲಿ ಯಾರು ಹಾಕಿದ್ರೋ ಗೊತ್ತಿಲ್ಲ. ಅವಳನ್ನ ಕರೀರಿ. ಅವಳ ಕೈಯಿಂದ ಕೊಟ್ರೆ ತಿಂತೀನಿ."

ಆಮೇಲೆ ಮಗ ಸೇರಿಸಿದ ಹೋಮ್‌ನಲ್ಲೂ ಡಾಕ್ಟರ್ ಕೊನೆಯವರೆಗೆ, ಅವಳ ಕೈಯಿಂದ ಕೊಟ್ಟರೆ ತಿನ್ನುತ್ತೇನೆ ಎಂದೇ ಹೇಳುತ್ತಿದ್ದರಂತೆ. ಮೊನ್ನೆ ಹ್ಯಾರೋಗೆ ಮರಳುವ ಟ್ಯೂಬ್ ರೈಲಿನಲ್ಲಿ ಜನರ ಮಧ್ಯೆಯೇ ಅತ್ತುಬಿಟ್ಟೆ. ಆಂಟಿ ಕಾಯುತ್ತಿದ್ದುದು ಆ ಒಂದು ಮಾತಿಗೆ. ಅದನ್ನು ಅವರಿಗೆ ಹೇಳೋಣವೆಂದರೆ ಅವರಿಲ್ಲ.