ಹುಳದ ಮನೆಯ ಹೊಸ್ತಿಲು

ಪಕ್ಕದ ಮನೆಯ ಚಿಕ್ಕವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೂ ನಾನು ಕದ್ದು ಓದುತ್ತಿದ್ದ ಕಾದಂಬರಿಗಳು ಇರುತ್ತಿದ್ದುದು ಅವಳ ರೇಷ್ಮೆಹುಳದ ಮನೆಯಲ್ಲಿ, ಬಿದಿರು ತಟ್ಟೆಗಳ ಹಿಂದೆ. ಎಲ್ಲ ನನ್ನ ವಯಸ್ಸಿನ ಹುಡುಗಿಯರ ಕತೆಗಳು. ಗೆಳೆತನ, ಪ್ರೀತಿ, ಮನೆಯಲ್ಲಿ ಹೇಳಲಾಗದ್ದು. ಪ್ರತಿ ಪುಸ್ತಕ ಮುಗಿದಾಗಲೂ ಅವಳು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ, ತಲೆಯೆತ್ತದೆ ಕೇಳುತ್ತಿದ್ದಳು: “ಕೊನೆಗೆ ಆ ಉಡ್ಗಿ ಉಳ್ಕಂಡ್ಲಾ?” ಯಾಕೆ ಹಾಗೆ ಕೇಳುತ್ತಾಳೆಂದು ನಾನು ವಿಚಾರಿಸಲಿಲ್ಲ.

ಒಂದು ಸಲ ಪುಸ್ತಕದ ಮೊದಲ ಪುಟದಲ್ಲಿ ಅದನ್ನು ಕೊಟ್ಟ ಹುಡುಗನ ಹೆಸರಿತ್ತು. ಸುದ್ದಿ ಯಾರಿಂದಲೋ ಅಣ್ಣನಿಗೆ ಮುಟ್ಟಿತು. ಅವನು ತಾನು ಓದುತ್ತಿದ್ದ ಊರಿನ ಹಾಸ್ಟೆಲಿನಿಂದ ನೇರ ಬಂದ, ನನ್ನನ್ನೂ ಪುಸ್ತಕವನ್ನೂ ಹುಡುಕಿಕೊಂಡು.

ಚಿಕ್ಕವ್ವ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಳು. “ಹುಳ ಜ್ವರಕ್ಕೆ ಕೂತವೆ ಕಣ್ಲಾ, ಒಳಕ್ ಬರ್ಬ್ಯಾಡ.”

ಪೊರೆ ಬಿಡುವ ಆ ಜ್ವರದಲ್ಲಿ ಹುಳ ಮೇಯುವುದಿಲ್ಲ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಅಣ್ಣ ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟ. ಸೊಪ್ಪು ಮೇಯುವ ಸದ್ದಿಲ್ಲ. ಬಹಳ ಹೊತ್ತು ನಿಂತಿದ್ದು ತಿರುಗಿ ಹೋದ.

ರೇಷ್ಮೆಗೂಡೆಲ್ಲ ಹಿಂದಿನ ದಿನವೇ ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗಿತ್ತು. ಒಳಗೆ ಒಂದು ಹುಳವೂ ಇರಲಿಲ್ಲ. ಖಾಲಿ ತಟ್ಟೆಗಳ ಹಿಂದೆ ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಅವಳು ಒಳಗೆ ಬಂದು ನನ್ನ ಕೈ ಹಿಡಿದಳು.

“ಈ ಕತೇಲಿ ಉಡ್ಗಿ ಉಳ್ಕಂಡ್ಲಾ?”

ಕೊನೆಯ ಪುಟಗಳನ್ನು ನಾನಿನ್ನೂ ಓದಿರಲಿಲ್ಲ. ಹ್ಞೂಂ ಅಂದೆ.